ಅಮೆರಿಕದ ಹೂಡಿಕೆ ಬ್ಯಾಂಕ್ ಲೀಮನ್ ಬ್ರದರ್ಸ್ ಮುಳುಗಿದ ಮೇಲೆ ಡೆರಿವೇಟಿವ್ ವಕೀಲರಿಗೆ ಯಾಕೆ ಅಷ್ಟು ಬೇಡಿಕೆ ಬಂತು?

ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬುದು ಒಪ್ಪಂದದ ಒಂದೊಂದು ಸಾಲಿನ ಮೇಲೆ ನಿಂತಿತ್ತು; ಆ ಸಾಲುಗಳ ಅರ್ಥದ ಬಗ್ಗೆಯೇ ತಕರಾರಿತ್ತು. ಅದಕ್ಕೇ ವಕೀಲರು ಬೇಕಾದರು.

ಡೆರಿವೇಟಿವ್ ಎಂದರೆ ಬಡ್ಡಿದರ, ಷೇರು ಬೆಲೆಯಂಥ ಬೇರೊಂದರ ಏರಿಳಿತಕ್ಕೆ ತಕ್ಕಂತೆ ಹಣ ಕೊಟ್ಟು ತೆಗೆದುಕೊಳ್ಳುವ ಕರಾರು. ಲೀಮನ್ 2008ರ ಸೆಪ್ಟೆಂಬರ್ 15ರಂದು ನ್ಯೂಯಾರ್ಕಿನಲ್ಲಿ ದಿವಾಳಿ ಅರ್ಜಿ ಹಾಕಿದಾಗ ಅದರ ಬಳಿ ಇಂಥವು 9 ಲಕ್ಷಕ್ಕೂ ಹೆಚ್ಚಿದ್ದವು. ಬಹುಪಾಲು ಕರಾರುಗಳಿಗೆ ಇಸ್ಡಾ ಎಂಬ ಡೆರಿವೇಟಿವ್ ವ್ಯವಹಾರಸ್ಥರ ಸಂಘದ ಒಂದೇ ಅಚ್ಚಿನ ನಮೂನೆ. ಹೀಗಾಗಿ ಒಂದು ಸಾಲಿನ ಗೊಂದಲ ಸಾವಿರಾರು ಜನರ ಗೊಂದಲವಾಯಿತು.

ಆ ನಮೂನೆಯ ಎರಡನೇ ಕಲಮನ್ನೇ ನೋಡಿ. ಎದುರಿನವರು ದಿವಾಳಿಯಂಥ ಕಾರಣಕ್ಕೆ ಕರಾರಿಗೆ ತಪ್ಪಿರುವಾಗ ನೀವು ಹಣ ಕೊಡಬೇಕಿಲ್ಲ ಎನ್ನುತ್ತದೆ. ಎಷ್ಟು ದಿನ? ಅದನ್ನು ಹೇಳುವುದಿಲ್ಲ. ಲೀಮನ್‌ಗೆ ಬಾಕಿ ಕೊಡಬೇಕಿದ್ದ ಕೆಲವು ಕಂಪನಿಗಳು ಕರಾರು ರದ್ದೂ ಮಾಡದೆ, ಹಣವನ್ನೂ ಕೊಡದೆ ಸುಮ್ಮನೆ ಕುಳಿತವು. ರದ್ದು ಮಾಡಿದರೆ ಲೆಕ್ಕ ಚುಕ್ತಾ ಮಾಡಬೇಕಿತ್ತಲ್ಲ! 2009ರಲ್ಲಿ ಮೆಟಾವಾಂಟೆ ಎಂಬ ಕಂಪನಿಯ ಪ್ರಕರಣದಲ್ಲಿ ನ್ಯೂಯಾರ್ಕಿನ ದಿವಾಳಿ ನ್ಯಾಯಾಲಯ, ಹಾಗೆ ಕೂರುವಂತಿಲ್ಲ ಎಂದಿತು. 2012ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಅದೇ ಸಾಲನ್ನು ಓದಿ, ತಪ್ಪು ಸರಿಯಾಗುವವರೆಗೆ ಕೊಡಬೇಕಿಲ್ಲ ಎಂದಿತು.

ನನ್ನ ಪ್ರಕಾರ ವಕೀಲರ ಸಲಹೆಗೆ ನಿಜವಾದ ಬೆಲೆ ಬಂದದ್ದು ಇಲ್ಲೇ. ಕರಾರು ಯಾವ ದೇಶದ ಕಾನೂನಿನಡಿ ಇದೆ, ದಿವಾಳಿ ವಿಚಾರಣೆ ಎಲ್ಲಿ ನಡೆಯುತ್ತದೆ, ರದ್ದತಿ ನೋಟಿಸ್ ಯಾವ ದಿನ ಕಳಿಸಬೇಕು ಎಂಬುದರ ಮೇಲೆ ಕೋಟ್ಯಂತರ ಡಾಲರ್ ಆಚೀಚೆ ಆಗುತ್ತಿತ್ತು.