ದಿನಕ್ಕೆ ಐದು ಮೀಟಿಂಗ್ ಆಗುತ್ತದೆ, ಆದರೂ ಏನೂ ತೀರ್ಮಾನ ಆಗುವುದಿಲ್ಲ. ಏನು ಮಾಡಲಿ?

ಟೀಮ್ ಲೀಡ್ ಆಗಿ ಮೂರು ತಿಂಗಳಾಗಿದೆ, ಮೀಟಿಂಗ್‌ನಲ್ಲಿ ಎಲ್ಲರೂ ಮಾತಾಡುತ್ತಾರೆ, ಹೊರಗೆ ಬಂದ ಮೇಲೆ ಯಾರು ಏನು ಮಾಡಬೇಕು ಅಂತ ಯಾರಿಗೂ ಗೊತ್ತಿರುವುದಿಲ್ಲ ಅಂತ ಬರೆದಿದ್ದೀರಿ. ಮೇಲಿನವರು ಕರೆದ ಮೀಟಿಂಗ್‌ಗೆ ಬರಲ್ಲ ಅನ್ನುವುದು ಹೇಗೆ ಅಂತಲೂ ಕೇಳಿದ್ದೀರಿ. ನಾನು ಹನ್ನೊಂದು ವರ್ಷದಿಂದ ಟೀಮ್ ನೋಡಿಕೊಳ್ಳುತ್ತಿದ್ದೇನೆ. ಮೊದಲೆರಡು ವರ್ಷ ನನ್ನ ಸ್ಥಿತಿಯೂ ಇದೇ ಆಗಿತ್ತು. ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ನನ್ನ ಮಟ್ಟಿಗೆ ಅದರಿಂದಲೇ ಎಲ್ಲ ಬದಲಾಗಿದ್ದು.

ಮೀಟಿಂಗ್ ಕರೆಯುವ ಮುಂಚೆ, ಅದರಿಂದ ಯಾವ ಪ್ರಶ್ನೆಗೆ ಉತ್ತರ ಬೇಕು ಅನ್ನುವುದನ್ನು ಒಂದು ಸಾಲಿನಲ್ಲಿ ಬರೆಯಿರಿ. ವಿಷಯ ಬರೆದರೆ ಸಾಲದು. "ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್ ಬಗ್ಗೆ ಚರ್ಚೆ" ಅನ್ನುವುದು ವಿಷಯ. "ಹೊಸ ಸಾಫ್ಟ್‌ವೇರನ್ನು ಒಂದನೇ ತಾರೀಖಿನಿಂದ ಎಲ್ಲ ವಿಭಾಗಕ್ಕೂ ಕೊಡೋಣವಾ, ಇಲ್ಲ ಮೊದಲು ಒಂದೇ ವಿಭಾಗದಲ್ಲಿ ಹಾಕಿ ನೋಡೋಣವಾ?" ಅನ್ನುವುದು ಪ್ರಶ್ನೆ. ವಿಷಯದ ಮೇಲೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು. ಗಡಿಯಾರ ನೋಡಿ ನಿಲ್ಲಿಸಬೇಕು ಅಷ್ಟೇ. ಪ್ರಶ್ನೆ ಇದ್ದರೆ ಉತ್ತರ ಸಿಕ್ಕ ಕೂಡಲೇ ಎದ್ದು ಹೋಗಬಹುದು, ಇಪ್ಪತ್ತೇ ನಿಮಿಷ ಆಗಿದ್ದರೂ ಸರಿ. ಎಷ್ಟು ಯೋಚಿಸಿದರೂ ಆ ಒಂದು ಸಾಲು ಬರೆಯಲು ಆಗಲಿಲ್ಲ ಅಂದರೆ ಆ ಮೀಟಿಂಗ್‌ಗೆ ಇನ್ನೂ ಕಾಲ ಬಂದಿಲ್ಲ. ಯಾರಾದರೂ ಒಬ್ಬರ ಜೊತೆ ಹತ್ತು ನಿಮಿಷ ಕೂತು ಮಾತಾಡಿ, ಪ್ರಶ್ನೆ ತಾನಾಗೇ ತಿಳಿಯಾಗುತ್ತದೆ.

ನಾವು ಪ್ರತಿ ಸೋಮವಾರ ಬೆಳಿಗ್ಗೆ 14 ಜನ ಒಂದೂವರೆ ಗಂಟೆ ಕೂರುತ್ತಿದ್ದೆವು. ಒಬ್ಬೊಬ್ಬರೂ ಹೋದ ವಾರ ಏನು ಮಾಡಿದೆ ಅಂತ ಹೇಳುವುದು, ಉಳಿದ 13 ಜನ ಕೇಳುವುದು. ಒಂದು ದಿನ ಸುಮ್ನೆ ಲೆಕ್ಕ ಹಾಕಿದೆ. ವಾರಕ್ಕೆ 21 ಗಂಟೆ. ವರ್ಷಕ್ಕೆ 50 ವಾರ ಹಿಡಿದರೆ 1,050 ಗಂಟೆ. ಒಬ್ಬ ಮನುಷ್ಯನ ಸುಮಾರು ಆರು ತಿಂಗಳ ಕೆಲಸ! ಆ ಮೀಟಿಂಗ್ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದೆ ಅಂತ ಕೇಳಿಕೊಂಡಾಗ ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ. ಈಗ ಶುಕ್ರವಾರ ಸಂಜೆಯೊಳಗೆ ಎಲ್ಲರೂ ಮೂರು ಸಾಲು ಬರೆದು ಹಾಕುತ್ತಾರೆ. ಸೋಮವಾರ ಯಾರ ಕೆಲಸ ಎಲ್ಲೋ ಸಿಕ್ಕಿಹಾಕಿಕೊಂಡಿದೆಯೋ ಅವರು ಮಾತ್ರ ಸೇರುತ್ತಾರೆ.

ಪ್ರಶ್ನೆ ಬರೆದ ಮೇಲೆ ಯಾರನ್ನು ಕರೆಯಬೇಕು ಅನ್ನುವುದು ಸುಲಭ. ತೀರ್ಮಾನ ಹೇಳುವವರು, ಅದಕ್ಕೆ ಬೇಕಾದ ಮಾಹಿತಿ ಇರುವವರು, ಆಮೇಲೆ ಆ ಕೆಲಸ ಮಾಡುವವರು. ಕರೆಯದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಯಾರನ್ನೂ ಸೇರಿಸಬೇಡಿ. ಅವರಿಗೆ ಮೊದಲೇ ಹೇಳಿ: "ಏನು ತೀರ್ಮಾನ ಆಯಿತು ಅಂತ ಅವತ್ತೇ ಬರೆದು ಕಳಿಸುತ್ತೇನೆ." ಮಾತಿನಂತೆ ಕಳಿಸಿ ಕೂಡ. ಎರಡು ಸಲ ಹಾಗೆ ಮಾಡಿದರೆ ಬೇಜಾರು ಹೋಗುತ್ತದೆ. ತೀರ್ಮಾನ ಹೇಳುವವರು ಅವತ್ತು ಬರಲ್ಲ ಅಂತ ಗೊತ್ತಾದರೆ ಮೀಟಿಂಗನ್ನೇ ಮುಂದಕ್ಕೆ ಹಾಕಿ. ಅವರಿಲ್ಲದೆ ಕೂತರೆ ಅದೇ ಮಾತನ್ನು ಇನ್ನೊಮ್ಮೆ ಆಡಬೇಕಾಗುತ್ತದೆ.

ಒಂದೇ ಮೀಟಿಂಗ್‌ನಲ್ಲಿ ಎರಡು ಮೂರು ಪ್ರಶ್ನೆ ಇದ್ದರೆ ಕಷ್ಟದ್ದನ್ನು ಮೊದಲು ಇಡಿ. ಬ್ರಿಟನ್ನಿನ ಲೇಖಕ ಪಾರ್ಕಿನ್ಸನ್ 1957ರಲ್ಲಿ ಒಂದು ಕಾಲ್ಪನಿಕ ಸಮಿತಿಯ ಕಥೆ ಬರೆದಿದ್ದರು. ಒಂದು ಕೋಟಿ ಪೌಂಡಿನ ಅಣು ರಿಯಾಕ್ಟರಿಗೆ ಆ ಸಮಿತಿ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಕೊಡುತ್ತದೆ. ಸೈಕಲ್ ನಿಲ್ಲಿಸುವ ಶೆಡ್ಡಿಗೆ ಯಾವ ಚಾವಣಿ ಹಾಕಬೇಕು ಅಂತ 45 ನಿಮಿಷ ಮಾತಾಡುತ್ತದೆ. ರಿಯಾಕ್ಟರ್ ಯಾರಿಗೂ ಅರ್ಥವಾಗುವುದಿಲ್ಲ, ಶೆಡ್ಡು ಎಲ್ಲರಿಗೂ ಅರ್ಥವಾಗುತ್ತದೆ. ನಮ್ಮಲ್ಲೂ ಹೀಗೇ ಆಗಿದೆ. ಸ್ಕ್ರೀನಿನ ಬಣ್ಣ ಯಾವುದಿರಬೇಕು ಅಂತ ಮುಕ್ಕಾಲು ಗಂಟೆ ಮಾತಾಡಿ, ಹಳೆಯ ಮಾಹಿತಿಯನ್ನು ಹೊಸ ಸಿಸ್ಟಮ್‌ಗೆ ಹೇಗೆ ಸಾಗಿಸುವುದು ಅನ್ನುವುದನ್ನು ಕೊನೆಯ ಐದು ನಿಮಿಷಕ್ಕೆ ಬಿಟ್ಟಿದ್ದೆವು.

ಆ ಐದು ನಿಮಿಷದ ಕಥೆಯನ್ನು ಪೂರ್ತಿ ಹೇಳಲೇಬೇಕು. "ಇದಕ್ಕೆ ಎರಡು ವಾರ ಸಾಕು ಅಲ್ವಾ?" ಅಂತ ನಾನೇ ಕೇಳಿದೆ. ಎಲ್ಲರೂ ತಲೆ ಆಡಿಸಿದರು. ಕೆಲಸ ಮುಗಿಯಲು ಏಳು ವಾರ ಹಿಡಿಯಿತು. ಹಳೆಯ ಫೈಲುಗಳಲ್ಲಿ ಒಬ್ಬನೇ ಗ್ರಾಹಕನ ಹೆಸರು ಎರಡೆರಡು ಕಡೆ ಇತ್ತು, ಫೋನ್ ನಂಬರುಗಳನ್ನು ಮೂರು ರೀತಿಯಲ್ಲಿ ಬರೆದಿದ್ದರು. ಆರು ತಿಂಗಳ ಹಿಂದೆ ಕೆಲಸಕ್ಕೆ ಸೇರಿದ್ದ ಒಬ್ಬ ಹುಡುಗಿಗೆ ಇದು ಅವತ್ತೇ ಗೊತ್ತಿತ್ತು. ಅವಳು ಅದೇ ಟೇಬಲ್ಲಿನಲ್ಲಿ ಕೂತಿದ್ದಳು. ಯಾಕೆ ಹೇಳಲಿಲ್ಲ ಅಂತ ಆಮೇಲೆ ಕೇಳಿದೆ. "ನೀವೇ ಸಾಕು ಅಂದ ಮೇಲೆ ನಾನು ಹೇಗೆ ಹೇಳಲಿ ಸರ್?" ಅಂದಳು. ತಪ್ಪು ಪೂರ್ತಿ ನನ್ನದು. ನಾನು ಕೇಳಿದ್ದು ಪ್ರಶ್ನೆಯ ಹಾಗಿತ್ತು, ಆದರೆ ಉತ್ತರವನ್ನು ಅದರೊಳಗೇ ಇಟ್ಟು ಕೇಳಿದ್ದೆ.

ಸಾಲಮನ್ ಆಶ್ ಅನ್ನುವ ಮನಶ್ಶಾಸ್ತ್ರಜ್ಞ 1951ರಲ್ಲಿ ಮಾಡಿದ ಪ್ರಯೋಗ ಇದಕ್ಕೆ ಹತ್ತಿರದ್ದು. ಗೆರೆಗಳನ್ನು ತೋರಿಸಿ ಯಾವ ಎರಡರ ಉದ್ದ ಒಂದೇ ಅಂತ ಕೇಳುತ್ತಿದ್ದರು. ಗುಂಪಿನಲ್ಲಿದ್ದ ಉಳಿದವರೆಲ್ಲ ಬೇಕಂತಲೇ ತಪ್ಪು ಹೇಳಿದಾಗ, ಕಣ್ಣೆದುರಿಗೆ ಸರಿ ಉತ್ತರ ಇದ್ದರೂ ಬಹಳ ಜನ ಅವರ ಜೊತೆ ಸೇರಿಕೊಂಡರು. ಆದರೆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಹೇಳಿದರೂ ಸಾಕಿತ್ತು, ಹಾಗೆ ಸೇರಿಕೊಳ್ಳುವುದು ತುಂಬಾ ಇಳಿಯುತ್ತಿತ್ತು. ಹಾಗಾಗಿ ಈಗ ನಮ್ಮಲ್ಲಿ ಎಲ್ಲರಿಗಿಂತ ಹೊಸಬರು ಮೊದಲು ಮಾತಾಡುತ್ತಾರೆ, ನಾನು ಕೊನೆಗೆ. ದೊಡ್ಡ ವಿಷಯ ಇದ್ದರೆ ಎರಡು ನಿಮಿಷ ಎಲ್ಲರೂ ತಮ್ಮ ಅಂದಾಜನ್ನು ಚೀಟಿಯಲ್ಲಿ ಬರೆದುಕೊಂಡು, ಆಮೇಲೆ ಓದಿ ಹೇಳುತ್ತಾರೆ. ಒಬ್ಬರ ಚೀಟಿಯಲ್ಲಿ ಎರಡು ವಾರ, ಇನ್ನೊಬ್ಬರ ಚೀಟಿಯಲ್ಲಿ ಎಂಟು ವಾರ ಅಂತಿದ್ದರೆ ಮಾತಾಡಬೇಕಾದ ಜಾಗ ಅಲ್ಲೇ ಸಿಗುತ್ತದೆ. ನೀವು ಈ ಉತ್ತರದಿಂದ ಒಂದೇ ಒಂದನ್ನು ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ ಅನ್ನುವಷ್ಟು ನನಗೆ ಇದರ ಮೇಲೆ ನಂಬಿಕೆ ಇದೆ.

ಓದಿಕೊಂಡು ಬನ್ನಿ ಅಂದರೆ ಯಾರೂ ಓದಿರುವುದಿಲ್ಲ, ಎಲ್ಲರಿಗೂ ಕೆಲಸ ಇರುತ್ತದೆ. 2004ರಲ್ಲಿ ಅಮೆಜಾನ್‌ನ ಜೆಫ್ ಬೆಜೋಸ್ ತಮ್ಮ ಹಿರಿಯ ಅಧಿಕಾರಿಗಳ ಮೀಟಿಂಗ್‌ನಲ್ಲಿ ಪವರ್‌ಪಾಯಿಂಟ್ ನಿಲ್ಲಿಸಿದರು. ಅದರ ಬದಲು ಪೂರ್ತಿ ವಾಕ್ಯಗಳಲ್ಲಿ ಟಿಪ್ಪಣಿ ಬರೆದು ತರಬೇಕು, ಮೀಟಿಂಗ್ ಶುರುವಾದಾಗ ಎಲ್ಲರೂ ಅಲ್ಲೇ ಕೂತು ಮೌನವಾಗಿ ಓದಬೇಕು ಅನ್ನುವ ಪದ್ಧತಿ ಬಂತು. ಅವರದು ಆರು ಪುಟದವರೆಗೂ ಹೋಗುತ್ತದೆ. ನಿಮಗೆ ಒಂದು ಪುಟ ಸಾಕು. ಪ್ರಶ್ನೆ, ಇರುವ ದಾರಿಗಳು, ಒಂದೊಂದರ ಖರ್ಚು ಮತ್ತು ತೊಂದರೆ, ಬರೆದವರ ಅಭಿಪ್ರಾಯ. ಓದಲು ಐದು ನಿಮಿಷ. ಬರೆಯುವವರಿಗೆ ಕಷ್ಟ, ನಿಜ. ಬರೆಯುವಾಗಲೇ ಅರ್ಧ ಗೊಂದಲ ಕರಗಿರುತ್ತದೆ.

ಕೊನೆಯ ಐದು ನಿಮಿಷ ಬೇರೆ ಯಾವುದಕ್ಕೂ ಕೊಡಬೇಡಿ. ಏನು ತೀರ್ಮಾನ ಆಯಿತು, ಯಾರು ಮಾಡುತ್ತಾರೆ, ಯಾವತ್ತಿಗೆ ಮುಗಿಸುತ್ತಾರೆ ಅಂತ ಗಟ್ಟಿಯಾಗಿ ಓದಿ. "ಮಾಡ್ತೀವಿ", "ನೋಡ್ಕೊಳ್ತೀವಿ" ಅನ್ನುವ ಮಾತು ಬಂದರೆ ಅಲ್ಲೇ ನಿಲ್ಲಿಸಿ. ಆ "ವಿ" ಒಳಗೆ ಯಾರಿದ್ದಾರೆ ಅಂತ ಗೊತ್ತಾಗುವುದಿಲ್ಲ. "ಮಾಡ್ತೀನಿ" ಅಂತ ಒಬ್ಬರ ಬಾಯಲ್ಲಿ ಬರುವವರೆಗೆ ಆ ಕೆಲಸಕ್ಕೆ ಯಾರೂ ಇಲ್ಲ ಅಂತಲೇ ತಿಳಿಯಿರಿ. ನೀವು ಹೇಳಿದ "ಯಾರು ಏನು ಮಾಡಬೇಕು ಅಂತ ಗೊತ್ತಿಲ್ಲ" ಅನ್ನುವ ತೊಂದರೆ ಶುರುವಾಗುವುದು ಇಲ್ಲೇ. ಬರೆದಿದ್ದನ್ನು ಅವತ್ತೇ ಕಳಿಸಿ. ಮುಂದಿನ ಸಲ ಕೂತಾಗ ಅದನ್ನೇ ಮೊದಲು ತೆಗೆಯಿರಿ.

ಇನ್ನು, ಮೂರು ತಿಂಗಳಿಗೊಮ್ಮೆ ಒಂದು ಹಾಳೆ ತೆಗೆದುಕೊಳ್ಳಿ. ಒಂದು ಕಡೆ ಈ ಮೂರು ತಿಂಗಳಲ್ಲಿ ನಿಮ್ಮ ಟೀಮ್ ಮಾಡಲೇಬೇಕಾದ ಎರಡು ಮೂರು ಕೆಲಸ, ಇನ್ನೊಂದು ಕಡೆ ವಾರದ ಎಲ್ಲ ಮೀಟಿಂಗ್ ಬರೆಯಿರಿ. ಯಾವ ಮೀಟಿಂಗ್ ಯಾವ ಕೆಲಸಕ್ಕೆ ಅಂತ ಗೆರೆ ಎಳೆಯಿರಿ. ನಾನು ಮೊದಲ ಸಲ ಎಳೆದಾಗ ಒಂಬತ್ತರಲ್ಲಿ ನಾಲ್ಕಕ್ಕೆ ಗೆರೆ ಇರಲಿಲ್ಲ. ನಮ್ಮ ಎಲ್ಲಕ್ಕಿಂತ ಮುಖ್ಯವಾದ ಕೆಲಸಕ್ಕೆ ಒಂದೂ ಮೀಟಿಂಗ್ ಇರಲಿಲ್ಲ! ಶಾಪಿಫೈ ಕಂಪನಿ 2023ರ ಜನವರಿಯಲ್ಲಿ ಇಬ್ಬರಿಗಿಂತ ಜಾಸ್ತಿ ಜನ ಸೇರುವ, ಪದೇ ಪದೇ ನಡೆಯುವ ಮೀಟಿಂಗ್‌ಗಳನ್ನೆಲ್ಲ ಕ್ಯಾಲೆಂಡರಿನಿಂದ ಒಟ್ಟಿಗೇ ತೆಗೆದುಹಾಕಿತು. ಹೊಸ ಲೀಡ್ ಆಗಿ ನೀವು ಅಷ್ಟು ಮಾಡುವುದು ಬೇಡ. ಗೆರೆ ಇಲ್ಲದ ಒಂದನ್ನು ಒಂದು ತಿಂಗಳು ನಿಲ್ಲಿಸಿ ನೋಡಿ. ಯಾರೂ ಕೇಳದಿದ್ದರೆ ಅದು ಬೇಕಿರಲಿಲ್ಲ.

ಆದರೆ ನಿಮ್ಮ ಟೀಮಿನವರ ಜೊತೆ ಒಬ್ಬೊಬ್ಬರಾಗಿ ಕೂರುವ ಅರ್ಧ ಗಂಟೆಗೆ ಮಾತ್ರ ಕೈ ಹಾಕಬೇಡಿ. ಅದಕ್ಕೆ ಪ್ರಶ್ನೆಯೂ ಬೇಡ, ಅಜೆಂಡಾವೂ ಬೇಡ. ಆ ಹುಡುಗಿ ನನಗೆ ನಿಜ ಹೇಳಿದ್ದು ಅಂಥ ಅರ್ಧ ಗಂಟೆಯಲ್ಲೇ.

ಮೇಲಿನವರ ಮೀಟಿಂಗ್ ವಿಷಯಕ್ಕೆ ಬಂದರೆ, ಬರಲ್ಲ ಅನ್ನುವ ಅಗತ್ಯವೇ ಇಲ್ಲ. ಹಿಂದಿನ ದಿನ ಹೋಗಿ ಕೇಳಿ: "ಸರ್, ನಾಳೆಯ ಮೀಟಿಂಗ್‌ನಿಂದ ನಿಮಗೆ ಯಾವ ತೀರ್ಮಾನ ಬೇಕು? ಅದಕ್ಕೆ ತಕ್ಕ ಲೆಕ್ಕ ತಯಾರು ಮಾಡಿಕೊಂಡು ಬರ್ತೀನಿ." ಹೀಗೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕೆಲವು ಸಲ ಅವರೇ ಯೋಚಿಸಿ, "ಅಷ್ಟೇನಿಲ್ಲ, ಆ ಲೆಕ್ಕ ಕಳಿಸಿಬಿಡಿ, ಸಾಕು" ಅನ್ನುತ್ತಾರೆ. ಆ ಒಂದು ಗಂಟೆ ನಿಮಗೆ ವಾಪಸ್ ಸಿಕ್ಕಿತು. ಬೇಕು ಅಂದರೆ ತಯಾರಾಗಿ ಹೋಗಿ, ನಿಮ್ಮ ಭಾಗದ ಮಾತು ಮುಗಿದ ಮೇಲೆ "ನಾನು ಹೊರಡಬಹುದಾ ಸರ್?" ಅಂತ ಕೇಳಿ. ನನ್ನ ಹಿಂದಿನ ಮ್ಯಾನೇಜರ್‌ಗೆ ನಾನು ಹೀಗೆ ನಾಲ್ಕೈದು ಸಲ ಕೇಳಿದ ಮೇಲೆ, ಅವರು ಕಳಿಸುವ ಇನ್ವೈಟ್‌ನಲ್ಲೇ ಪ್ರಶ್ನೆಯನ್ನು ಬರೆಯಲು ಶುರು ಮಾಡಿದರು.