ಅವರ ಒರೆಗಲ್ಲಿಗೇ ಅವರ ತೀರ್ಪನ್ನು ಉಜ್ಜಿ ನೋಡಿ

ಓದುಗರ ಪತ್ರ (ಸಂಕ್ಷಿಪ್ತವಾಗಿ):

ಮಾನ್ಯ ಸಂಪಾದಕರೇ, ಪಿಯುಸಿ ದಿನಗಳಿಂದ ಅಮೆರಿಕದ ‘ರೆಡ್ ಲೆಟರ್ ಮೀಡಿಯಾ’ ಎಂಬ ಸಿನಿಮಾ ವಿಮರ್ಶೆಯ ಯೂಟ್ಯೂಬ್ ಚಾನೆಲ್ ನೋಡಿಕೊಂಡು ಬಂದವನು ನಾನು. ಸಿನಿಮಾವನ್ನು ಗಮನವಿಟ್ಟು ನೋಡಲು ಕಲಿಸಿದ್ದೇ ಅವರು. ‘ಸ್ಟಾರ್ ವಾರ್ಸ್: ದಿ ಲಾಸ್ಟ್ ಜೆಡೈ’ ಆ ಇಡೀ ಸರಣಿಯಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಚಿತ್ರ. ಅವರಿಗೆ ಅದು ಸೇರಲೇ ಇಲ್ಲ. ಈಚೆಗೆ ಚಿತ್ರವನ್ನೂ ಅವರ ವಿಡಿಯೋವನ್ನೂ ಮತ್ತೊಮ್ಮೆ ನೋಡಿದೆ. ಗೆಳೆಯರ ಜತೆ ಮಾತಿಗೆ ಮಾತು ಬೆಳೆದು, ‘ಅವರಿಗಿಂತ ನಿನಗೆ ಜಾಸ್ತಿ ಗೊತ್ತಾ?’ ಅಂದುಬಿಟ್ಟರು. ನಾನು ಅವರನ್ನು ನೋಡುವುದನ್ನೇ ಬಿಡಬೇಕೇ? ಇಲ್ಲ, ನನ್ನ ರುಚಿಯೇ ಕೆಟ್ಟದ್ದೇ? ವಿಮರ್ಶಕರು 91, ಜನ 42 ಕೊಟ್ಟಿದ್ದಾರೆ ಅನ್ನುತ್ತಾರಲ್ಲ, ಇದರಲ್ಲಿ ಯಾವುದು ನಿಜ?
— ಓದುಗ, ದಾವಣಗೆರೆ

ಸಂಪಾದಕರ ಉತ್ತರ:

ನೋಡುವುದನ್ನು ಬಿಡಬೇಡಿ. ನಿಮ್ಮ ರುಚಿಯೂ ಕೆಟ್ಟಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು: ‘ಸಿನಿಮಾವನ್ನು ಗಮನವಿಟ್ಟು ನೋಡಲು ಕಲಿಸಿದ್ದೇ ಅವರು.’ ಹಾಗಿದ್ದರೆ ಅವರು ಕಲಿಸಿದ್ದೇನು ಅನ್ನುವುದನ್ನು ಮೊದಲು ನೆನಪು ಮಾಡಿಕೊಳ್ಳೋಣ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆಂದು ನನ್ನ ನಂಬಿಕೆ.

ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯ ಈ ಗೆಳೆಯರ ಬಳಗಕ್ಕೆ ಹೆಸರು ತಂದುಕೊಟ್ಟದ್ದು 2009ರ ಒಂದು ವಿಡಿಯೋ. ಜಾರ್ಜ್ ಲೂಕಾಸ್ 1999ರಲ್ಲಿ ಮಾಡಿದ ಸ್ಟಾರ್ ವಾರ್ಸ್ ಚಿತ್ರ ‘ದಿ ಫ್ಯಾಂಟಮ್ ಮೆನೇಸ್’ ಕುರಿತ ವಿಮರ್ಶೆ ಅದು, ಸುಮಾರು 70 ನಿಮಿಷದ್ದು. ಆಗ ಯೂಟ್ಯೂಬಿನಲ್ಲಿ ಒಂದು ವಿಡಿಯೋ ಹತ್ತು ನಿಮಿಷ ದಾಟುವಂತಿರಲಿಲ್ಲ. ಹಾಗಾಗಿ ಏಳು ತುಂಡುಗಳಲ್ಲಿ ಬಂತು. ಮೈಕ್ ಸ್ಟೊಕ್ಲಾಸಾ ‘ಮಿಸ್ಟರ್ ಪ್ಲಿಂಕೆಟ್’ ಎಂಬ ಮುದುಕನ ದನಿಯಲ್ಲಿ ಮಾತಾಡುತ್ತಾರೆ. ಹಾಸ್ಯ ಒರಟು, ಕೆಲವು ಕಡೆ ಅಸಹ್ಯ. ಆದರೆ ಅದರ ಮಧ್ಯೆ ಒಂದು ಅಪ್ಪಟ ವಿಮರ್ಶೆಯ ಪಾಠವಿದೆ. ಕೆಲವರನ್ನು ಕೂರಿಸಿ ಕೇಳುತ್ತಾರೆ: ಈ ಪಾತ್ರ ಹೇಗಿದೆ ಹೇಳಿ, ಆದರೆ ರೂಪ, ವೇಷ, ಉದ್ಯೋಗ ಮೂರನ್ನೂ ಹೇಳಬಾರದು. ಸರಣಿಯ ಹಳೆಯ ಚಿತ್ರಗಳ ಹಾನ್ ಸೋಲೋ ಅಂದಾಗ ಮಾತು ತಾನಾಗಿ ಹರಿಯುತ್ತದೆ. ‘ಫ್ಯಾಂಟಮ್ ಮೆನೇಸ್’ನ ಕ್ವೈ-ಗಾನ್ ಜಿನ್ ಅಂದಾಗ ತಡವರಿಸುತ್ತಾರೆ. ಹೇಳಲು ಏನೂ ಇಲ್ಲ, ಏಕೆಂದರೆ ಬರೆದವರು ಏನನ್ನೂ ಇಟ್ಟಿಲ್ಲ.

ಇದು ಒರೆಗಲ್ಲು. ಕೈಗೆ ಬಂದ ಮೇಲೆ ಅದು ಕೊಟ್ಟವರ ಸ್ವತ್ತಾಗಿ ಉಳಿಯುವುದಿಲ್ಲ. ಅದಕ್ಕೇ ‘ಲಾಸ್ಟ್ ಜೆಡೈ’ ಚಿತ್ರದ ಲ್ಯೂಕ್ ಸ್ಕೈವಾಕರನನ್ನು, ಅಂದರೆ ಹಳೆಯ ಚಿತ್ರಗಳ ನಾಯಕನನ್ನು, ಈಗ ಅದೇ ಕಲ್ಲಿಗೆ ಉಜ್ಜೋಣ. ರೂಪ, ವೇಷ, ಉದ್ಯೋಗ ಬೇಡ. ತನ್ನ ಬಗ್ಗೆ ಜನ ಕಟ್ಟಿದ ಕಥೆಗೆ ತಾನೇ ಹೇಸಿಕೊಂಡವನು. ಶಿಷ್ಯನ ವಿಷಯದಲ್ಲಿ ಮಾಡಿದ ತಪ್ಪನ್ನು ಮೊದಲು ಅರ್ಧ ಮುಚ್ಚಿಟ್ಟು, ಆಮೇಲೆ ಪೂರ್ತಿ ಹೇಳುವವನು. ಹಟಮಾರಿ, ಕುಹಕಿ. ತಂಗಿಯ ಹೆಸರು ಬಂದರೆ ಕರಗುವವನು. ಇನ್ನೊಬ್ಬರಿಗೆ ಕಲಿಸಲು ಅಂಜುವವನು, ಕಲಿಸದೆ ಇರಲೂ ಆಗದವನು. ಇಷ್ಟು ಹೇಳಿದ ಮೇಲೂ ಮಾತು ಉಳಿಯುತ್ತದೆ. ನಿಮ್ಮ ಮೆಚ್ಚಿನ ವಿಮರ್ಶಕರ ತೀರ್ಪಿಗೆ ಅವರದೇ ಪರೀಕ್ಷೆಯ ಫಲಿತಾಂಶ ಒಪ್ಪುತ್ತಿಲ್ಲ ಎಂದು ನೀವು ಧೈರ್ಯವಾಗಿ ವಾದಿಸಬಹುದು. ಹಾಗೆ ವಾದಿಸಿದರೆ ಅದು ಅವರಿಗೆ ಎರಡು ಬಗೆದಂತಲ್ಲ. ಒಳ್ಳೆಯ ಶಿಷ್ಯ ಮಾಡುವ ಕೆಲಸವೇ ಅದು.

ಇನ್ನು ನಿಮ್ಮ ಗೆಳೆಯರ ಬಲವಾದ ವಾದಕ್ಕೆ ಬರೋಣ; ಅದನ್ನು ತಪ್ಪಿಸಿಕೊಂಡು ಮುಂದೆ ಹೋಗುವುದು ನ್ಯಾಯವಲ್ಲ. ವಾದ ಇದು: 1983ರ ‘ರಿಟರ್ನ್ ಆಫ್ ದಿ ಜೆಡೈ’ ಚಿತ್ರದಲ್ಲಿ ಡಾರ್ತ್ ವೇಡರನಂಥ ಕ್ರೂರಿ ತಂದೆಯಲ್ಲೂ ಒಳ್ಳೆಯತನ ಕಂಡ ಲ್ಯೂಕ್, ಮಲಗಿದ್ದ ಸೋದರಳಿಯ, ತನ್ನ ಶಿಷ್ಯನೂ ಆದ ಬೆನ್ ಸೋಲೋ ಮೇಲೆ ಕತ್ತಿ ಎತ್ತುತ್ತಾನೆಯೇ? ಸಣ್ಣ ಆಕ್ಷೇಪವಲ್ಲ ಇದು. ಲ್ಯೂಕ್ ಪಾತ್ರ ಮಾಡಿದ ಮಾರ್ಕ್ ಹ್ಯಾಮಿಲ್ ಅವರೇ ನಿರ್ದೇಶಕ ರಿಯಾನ್ ಜಾನ್ಸನ್ ಅವರ ಕಲ್ಪನೆಯನ್ನು ಒಪ್ಪಲಾಗಲಿಲ್ಲವೆಂದು ಸಂದರ್ಶನಗಳಲ್ಲಿ ಹೇಳಿದ್ದರು. ಅದನ್ನು ಬಹಿರಂಗವಾಗಿ ಆಡಿದ್ದಕ್ಕೆ ಆಮೇಲೆ ಬೇಸರವನ್ನೂ ವ್ಯಕ್ತಪಡಿಸಿದರು.

ಆದರೆ 1983ರ ಆ ದೃಶ್ಯವನ್ನು ಪೂರ್ತಿ ನೋಡಿ. ತಂಗಿ ಲೇಯಾಳನ್ನು ಕತ್ತಲೆಯ ಕಡೆಗೆ ಸೆಳೆಯುತ್ತೇನೆಂದು ವೇಡರ್ ಹೇಳಿದ ಕ್ಷಣ ಲ್ಯೂಕ್ ರೊಚ್ಚಿಗೆದ್ದು ಬೀಳುತ್ತಾನೆ. ತಂದೆಯ ಕೈ ಕತ್ತರಿಸುವವರೆಗೂ ನಿಲ್ಲುವುದಿಲ್ಲ. ನಂತರ ತನ್ನ ಯಾಂತ್ರಿಕ ಕೈಯನ್ನು ನೋಡಿಕೊಂಡು, ತಾನು ಏನಾಗುತ್ತಿದ್ದೇನೆಂದು ತಿಳಿದು ಕತ್ತಿ ಎಸೆಯುತ್ತಾನೆ. ಪ್ರೀತಿಸುವವರಿಗೆ ಆಪತ್ತು ಬಂದಾಗ ಮೊದಲು ಕೈ ಎತ್ತುವುದು, ಮರುಕ್ಷಣ ತಡೆದುಕೊಳ್ಳುವುದು ಅವನ ಹಳೆಯ ಸ್ವಭಾವ. ಬೆನ್ ಮಲಗಿದ್ದ ಗುಡಿಸಲಿನಲ್ಲೂ ನಡೆದದ್ದು ಅದೇ. ವ್ಯತ್ಯಾಸ ಒಂದೇ: ಈ ಬಾರಿ ತಡೆದುಕೊಂಡ ಹೊತ್ತಿಗೆ ಹುಡುಗನಿಗೆ ಎಚ್ಚರವಾಗಿತ್ತು. ಜಾನ್ಸನ್ ಆ ರಾತ್ರಿಯನ್ನು ಮೂರು ಸಲ ತೋರಿಸುತ್ತಾರೆ — ಲ್ಯೂಕ್ ತನಗೆ ಬೇಕಾದಂತೆ ಹೇಳಿದ್ದು, ಬೆನ್ ಕಂಡದ್ದು, ಕೊನೆಗೆ ಲ್ಯೂಕ್ ನಿಜ ಒಪ್ಪಿಕೊಂಡದ್ದು. ಕೋಟ್ಯಂತರ ಡಾಲರ್ ಸುರಿದು ಎಲ್ಲರಿಗೂ ಹಿಡಿಸಬೇಕೆಂದು ಮಾಡುವ ಚಿತ್ರದಲ್ಲಿ ನಾಯಕನ ಮಾತನ್ನೇ ಅನುಮಾನದಿಂದ ನೋಡಿಸುವ ಇಂಥ ಧೈರ್ಯ ಅಪರೂಪ. ಆ ಚಿತ್ರ ನನಗೂ ಪ್ರಿಯವಾಗಿರುವುದು ಇದೇ ಕಾರಣಕ್ಕೆ.

ನಿಮ್ಮ ವಿಮರ್ಶಕರು ಸರಿಯಾಗಿ ಹಿಡಿದ ಜಾಗಗಳೂ ಇವೆ. 152 ನಿಮಿಷದ ಚಿತ್ರದಲ್ಲಿ ಕ್ಯಾಂಟೋ ಬೈಟ್ ಎಂಬ ಜೂಜುನಗರದ ಭಾಗ ಕಥೆಯ ಬಿಗಿಯನ್ನು ಸಡಿಲಿಸುತ್ತದೆ. ಫಿನ್ ಮತ್ತು ರೋಸ್ ಕೈಗೊಂಡ ಸಾಹಸ ಸೋಲುತ್ತದೆ, ಸೋಲೇ ಚಿತ್ರದ ವಿಷಯ ಎಂದು ನೀವು ಹೇಳಬಹುದು, ಒಪ್ಪಿದೆ. ಆದರೂ ಸೋಲಿನ ಕಥೆ ನೀರಸವಾಗಬೇಕಿಲ್ಲವಲ್ಲ. ಫಿನ್‌ಗೆ ಆದದ್ದು ಇನ್ನೂ ದೊಡ್ಡ ಅನ್ಯಾಯ. ಹಿಂದಿನ ಚಿತ್ರದಲ್ಲಿ ಶತ್ರುಪಡೆ ಬಿಟ್ಟು ಮನುಷ್ಯನಾಗಿ ಎದ್ದುನಿಂತವನಿಗೆ ಇಲ್ಲಿ ಅದೇ ಪಾಠ ಮತ್ತೆ ಹೇಳಿಸಿದ್ದಾರೆ. ತಮ್ಮಂಥ ಕಪ್ಪು ಮತ್ತು ಇತರ ವರ್ಣದ ಕಲಾವಿದರ ಪಾತ್ರಗಳನ್ನು ಮೂಲೆಗೆ ಸರಿಸಿದ್ದರ ಬಗ್ಗೆ ಆ ಪಾತ್ರಧಾರಿ ಜಾನ್ ಬೊಯೇಗಾ 2020ರಲ್ಲಿ ನೇರವಾಗಿಯೇ ಮಾತಾಡಿದರು.

ಈ ಚಿತ್ರದ ಬಗೆಗಿನ ಜಗಳದ ಬೇರು ಇದರ ಹಿಂದಿನ ಚಿತ್ರದಲ್ಲಿದೆ. 2015ರ ‘ದಿ ಫೋರ್ಸ್ ಅವೇಕನ್ಸ್’ ನಿರ್ದೇಶಿಸಿದ ಜೆ.ಜೆ. ಏಬ್ರಮ್ಸ್ ಗುಟ್ಟು ಬಿಟ್ಟುಕೊಡದೆ ಕಾಯಿಸುವ ಕಲೆಯವರು. 2007ರಲ್ಲಿ ‘ಮಿಸ್ಟರಿ ಬಾಕ್ಸ್’ ಎಂಬ ಹೆಸರಿನಲ್ಲಿ ಅದರ ಬಗ್ಗೆ ಒಂದು ಭಾಷಣವನ್ನೇ ಮಾಡಿದ್ದರು. ನಾಯಕಿ ರೇ ಯಾರ ಮಗಳು? ಖಳನಾಯಕ ಸ್ನೋಕ್ ಯಾರು? ಪೆಟ್ಟಿಗೆ ಮುಚ್ಚಿಟ್ಟು ಅವರು ಹೊರಟರು. ಅಭಿಮಾನಿಗಳು ಎರಡು ವರ್ಷ ಊಹೆಗಳನ್ನು ಹೆಣೆದರು. ಜಾನ್ಸನ್ ಪೆಟ್ಟಿಗೆ ತೆರೆದು, ರೇ ಯಾರೋ ಹೆಸರಿಲ್ಲದವರ ಮಗಳು ಅಂದರು. ಸ್ನೋಕ್‌ನನ್ನು ನಡುವೆಯೇ ಕೊಂದರು. ಮುಂದುವರಿದ ಭಾಗವೆಂದರೆ ಹಿಂದಿನ ಭಾಗ ಕೊಟ್ಟ ಮಾತನ್ನು ನಡೆಸಿಕೊಡಬೇಕು ಎಂದು ನಂಬುವವರಿಗೆ ಇದು ಮೋಸ. ಹಿಂದಿನದನ್ನು ಪ್ರಶ್ನಿಸಿದರೆ ಮಾತ್ರ ಮುಂದುವರಿಸಿದ ಹಾಗೆ ಎಂದು ನಂಬುವವರಿಗೆ ಇದು ಬಿಡುಗಡೆ. ನೀವೂ ನಿಮ್ಮ ವಿಮರ್ಶಕರೂ ಬೇರೆಯಾಗಿರುವುದು ಈ ನಂಬಿಕೆಯಲ್ಲಿ. ಚಿತ್ರದ ದೋಷಗಳ ಪಟ್ಟಿಯಲ್ಲಿ ನಿಮ್ಮಿಬ್ಬರಿಗೂ ಅರ್ಧಕ್ಕರ್ಧ ಹೊಂದಾಣಿಕೆ ಇದ್ದೀತು.

ಇನ್ನು 91 ಮತ್ತು 42. ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮ್ಯಾಟೋಸ್ ತಾಣದ 91 ಅಂದರೆ ಪರೀಕ್ಷೆಯ ಅಂಕವಲ್ಲ. ನೂರು ವಿಮರ್ಶಕರಲ್ಲಿ 91 ಮಂದಿ ಚಿತ್ರ ಒಟ್ಟಾರೆ ಚೆನ್ನಾಗಿದೆ ಎಂದರು, ಅಷ್ಟೇ. ಅದರಲ್ಲಿ ಪರವಶರಾದವರೂ ಇದ್ದಾರೆ, ‘ಪರವಾಗಿಲ್ಲ’ ಅಂದವರೂ ಇದ್ದಾರೆ. ಇಬ್ಬರ ಮತಕ್ಕೂ ಒಂದೇ ತೂಕ. 42 ಅಂದರೆ ಅಲ್ಲಿ ಖಾತೆ ತೆರೆದು ಮತ ಹಾಕಿದವರಲ್ಲಿ ಐದಕ್ಕೆ ಮೂರೂವರೆ ನಕ್ಷತ್ರ ಅಥವಾ ಹೆಚ್ಚು ಕೊಟ್ಟವರ ಪ್ರಮಾಣ. ಆಗ ಚಿತ್ರ ನೋಡಿದ ಪುರಾವೆ ಯಾರೂ ಕೇಳುತ್ತಿರಲಿಲ್ಲ. 2019ರಲ್ಲಿ ಆ ತಾಣ ಟಿಕೆಟ್ ಕೊಂಡದ್ದು ಖಚಿತವಾದವರ ಮತವನ್ನು ಬೇರೆಯಾಗಿ ತೋರಿಸಲು ಶುರು ಮಾಡಿತು. ಮೊದಲ ದಿನಗಳಲ್ಲಿ ಚಿತ್ರಮಂದಿರದಿಂದ ಹೊರಬರುವವರನ್ನೇ ಕೇಳುವ ಸಿನಿಮಾಸ್ಕೋರ್ ಸಮೀಕ್ಷೆಯಲ್ಲಿ ಇದೇ ಚಿತ್ರಕ್ಕೆ ‘ಎ’ ದರ್ಜೆ ಸಿಕ್ಕಿತ್ತು. ಹಾಗೆಂದು 42ನ್ನು ಪೂರ್ತಿ ಸುಳ್ಳೆಂದು ತಳ್ಳಿಹಾಕಬೇಡಿ. ಅಲ್ಲಿ ನಿಜವಾಗಿ ನೊಂದ ಅಭಿಮಾನಿಗಳೂ ಇದ್ದರು. ನಾನು ಹೇಳುವುದಿಷ್ಟು: ಎರಡು ಸಂಖ್ಯೆಗಳೂ ಬೇರೆ ಬೇರೆ ಗುಂಪುಗಳನ್ನು ಬೇರೆ ಬೇರೆ ರೀತಿ ಅಳೆದವು. ಅವುಗಳನ್ನು ಎದುರುಬದುರು ನಿಲ್ಲಿಸಿ ಯಾರು ಸುಳ್ಳರು ಎಂದು ಕೇಳಿದರೆ ಉತ್ತರವೇ ಇಲ್ಲ. ಮುಂದಿನ ಚಿತ್ರ, 2019ರ ‘ದಿ ರೈಸ್ ಆಫ್ ಸ್ಕೈವಾಕರ್’ ಬಂದಾಗ ಇದೇ ತಕ್ಕಡಿ ತಿರುಗಿತು. ವಿಮರ್ಶಕರಲ್ಲಿ ಮೆಚ್ಚಿದವರು ಅರ್ಧದಷ್ಟು ಮಾತ್ರ, ಪ್ರೇಕ್ಷಕರಲ್ಲಿ ನೂರಕ್ಕೆ 86. ಅಭಿಮಾನಿಗಳನ್ನು ಸಮಾಧಾನಪಡಿಸಲು ರೇಯನ್ನು ಹಳೆಯ ಚಿತ್ರಗಳ ದುಷ್ಟ ಚಕ್ರವರ್ತಿ ಪ್ಯಾಲ್ಪಟೀನನ ಮೊಮ್ಮಗಳಾಗಿಸಿದ ಚಿತ್ರ ಅದು. ದುಡಿದದ್ದು ‘ಲಾಸ್ಟ್ ಜೆಡೈ’ಗಿಂತ ಕಡಿಮೆ: ‘ಲಾಸ್ಟ್ ಜೆಡೈ’ಗೆ ಸುಮಾರು 133 ಕೋಟಿ ಡಾಲರ್, ‘ರೈಸ್ ಆಫ್ ಸ್ಕೈವಾಕರ್’ಗೆ ಸುಮಾರು 107 ಕೋಟಿ.

ನಿಮ್ಮ ಪತ್ರದಲ್ಲಿ ನನ್ನನ್ನು ತಟ್ಟಿದ ಇನ್ನೊಂದು ಸಂಗತಿ ನಿಮ್ಮ ನೋವು. ಒಂದು ಚಿತ್ರದ ಬಗ್ಗೆ ಅಭಿಪ್ರಾಯ ಬೇರೆಯಾದರೆ ಇಷ್ಟು ನೋವೇಕೆ? ಶಿಕಾಗೋದ ಜೀನ್ ಸಿಸ್ಕಲ್ ಮತ್ತು ರಾಜರ್ ಈಬರ್ಟ್ 1975ರಿಂದ ಟಿವಿಯಲ್ಲಿ ಎದುರುಬದುರು ಕೂತು ಸಿನಿಮಾ ವಿಮರ್ಶೆ ಮಾಡುತ್ತಿದ್ದರು. ಇಬ್ಬರೂ ಬೇರೆ ಬೇರೆ ಪತ್ರಿಕೆಯವರು, ಪೈಪೋಟಿಯವರು. ಜಗಳವೇ ಅವರ ಕಾರ್ಯಕ್ರಮದ ಜೀವ. ನೋಡುವವನು ಈ ವಾರ ಇವರ ಕಡೆ, ಮುಂದಿನ ವಾರ ಅವರ ಕಡೆ ನಿಲ್ಲಬಹುದಿತ್ತು. ಒಪ್ಪದಿರುವುದಕ್ಕೂ ತೆರೆಯ ಮೇಲೆ ಒಂದು ಕುರ್ಚಿ ಇತ್ತು. ಈಗಿನ ಚಾನೆಲ್‌ಗಳಲ್ಲಿ ಹೆಚ್ಚಾಗಿ ಇರುವುದು ಗೆಳೆಯರ ಹರಟೆ. ಗಂಟೆಗಟ್ಟಲೆ ಕಿವಿಯಲ್ಲಿ ಅವರ ದನಿ. ಊಟ ಮಾಡುವಾಗ, ಬಸ್ಸಿನಲ್ಲಿ, ನಿದ್ದೆ ಬರುವವರೆಗೆ. ಅವರ ನಗೆಗೆ ನೀವೂ ನಗುತ್ತೀರಿ. ಅವರಿಗೆ ಗೊತ್ತಿಲ್ಲದೆ ನೀವೂ ಆ ಕೋಣೆಯಲ್ಲಿ ಒಬ್ಬರಾಗಿರುತ್ತೀರಿ. ಹಾಗಾಗಿ ನಿಮಗೆ ಪ್ರಿಯವಾದದ್ದನ್ನು ಅವರೆಲ್ಲ ಸೇರಿ ನಕ್ಕಾಗ ನಿಮ್ಮನ್ನೇ ನಕ್ಕು ಹೊರಗೆ ಕಳಿಸಿದಂತೆ ಅನಿಸುತ್ತದೆ. ಆ ನೋವು ಹುಡುಗಾಟವಲ್ಲ. ಆದರೆ ಅವರು ನಿಮಗೆ ಕೊಡುತ್ತೇನೆಂದದ್ದು ತಮ್ಮ ನೋಟವನ್ನು; ಅದನ್ನು ಪ್ರಾಮಾಣಿಕವಾಗಿ ಕೊಟ್ಟಿದ್ದಾರೆ. ನೋಡುಗರಿಗೆ ಹಿತವಾಗಲೆಂದು ತೀರ್ಪು ಬದಲಿಸುವ ವಿಮರ್ಶಕರಾಗಿದ್ದರೆ ಆಗ ಬಿಡಿ ಎನ್ನುತ್ತಿದ್ದೆ. ಈಬರ್ಟ್ ಕೂಡ ‘ಫ್ಯಾಂಟಮ್ ಮೆನೇಸ್’ಗೆ ನಾಲ್ಕಕ್ಕೆ ಮೂರೂವರೆ ನಕ್ಷತ್ರ ಕೊಟ್ಟವರು. ಅದಕ್ಕಾಗಿ ಅವರನ್ನು ಓದುವುದನ್ನು ನಾನು ಬಿಡಲಿಲ್ಲ; ಆ ಚಿತ್ರದಲ್ಲಿ ಅವರು ಕಂಡ ದೃಶ್ಯವೈಭವ ನನಗೂ ಕಂಡದ್ದು ಅವರನ್ನು ಓದಿದ ಮೇಲೆ.

ಗೆಳೆಯರ ಜತೆ ಜಗಳ ಮುಂದುವರಿದರೆ ಒಂದು ಗೆರೆ ನೆನಪಿರಲಿ. ರೋಸ್ ಪಾತ್ರ ಮಾಡಿದ ಕೆಲ್ಲಿ ಮೇರಿ ಟ್ರಾನ್ ವಿಯೆಟ್ನಾಂನಿಂದ ಬಂದ ನಿರಾಶ್ರಿತ ದಂಪತಿಯ ಮಗಳು. ತಿಂಗಳುಗಟ್ಟಲೆ ಬಂದ ಜನಾಂಗೀಯ ಮತ್ತು ಹೆಣ್ಣೆಂಬ ಕಾರಣದ ನಿಂದನೆಯ ನಂತರ 2018ರ ಜೂನ್‌ನಲ್ಲಿ ಅವರ ಇನ್‌ಸ್ಟಾಗ್ರಾಂ ಖಾತೆ ಬರಿದಾಯಿತು. ಆಗಸ್ಟ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಆ ಮಾತುಗಳು ತಮ್ಮೊಳಗೆ ಏನು ಮಾಡಿದವು ಎಂದು ಬರೆದರು. ಅದೇ ವರ್ಷ, ‘ಫ್ಯಾಂಟಮ್ ಮೆನೇಸ್’ನಲ್ಲಿ ಜಾರ್ ಜಾರ್ ಪಾತ್ರ ಮಾಡಿದ್ದ ಅಹ್ಮದ್ ಬೆಸ್ಟ್, ಹಿಂದೆ ಬಂದ ಅಪಹಾಸ್ಯದ ಹೊಡೆತಕ್ಕೆ ಸಾಯುವ ಅಂಚಿಗೆ ಹೋಗಿದ್ದನ್ನು ಹೇಳಿಕೊಂಡರು. ರೋಸ್ ಪಾತ್ರದ ಬರವಣಿಗೆ ದುರ್ಬಲ ಎನ್ನಲು ಯಾರಿಗೂ ಹಕ್ಕಿದೆ, ನಾನೂ ಹೇಳುತ್ತೇನೆ. ಆ ಹುಡುಗಿಯ ಮುಖ, ಮೈಕಟ್ಟು, ಮೂಲದ ಬಗ್ಗೆ ಬಂದ ಮಾತಿಗೂ ಸಿನಿಮಾ ಅಭಿಪ್ರಾಯಕ್ಕೂ ಸಂಬಂಧವಿಲ್ಲ. ಚಿತ್ರವನ್ನು ದ್ವೇಷಿಸುವುದನ್ನೇ ವಾರವಾರದ ಸಂಪಾದನೆ ಮಾಡಿಕೊಂಡ ಚಾನೆಲ್‌ಗಳೂ ಆಗ ಎದ್ದವು. ನೀವು ಬಿಡಬೇಕಾದವರು ಇದ್ದರೆ ಅವರು, ಮಿಲ್ವಾಕಿಯ ಗೆಳೆಯರಲ್ಲ.

1980ರಲ್ಲಿ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಬಂದಾಗ ‘ನ್ಯೂಯಾರ್ಕ್ ಟೈಮ್ಸ್’ನ ವಿನ್ಸೆಂಟ್ ಕ್ಯಾನ್‌ಬಿ ಅದನ್ನು ಮೆಚ್ಚಲಿಲ್ಲ. ಇಂದು ಸರಣಿಯಲ್ಲೇ ಶ್ರೇಷ್ಠ ಎಂದು ಬಹಳ ಜನ ಹೇಳುವುದು ಆ ಚಿತ್ರವನ್ನೇ. ಇದನ್ನು ತೋರಿಸಿ ‘ಲಾಸ್ಟ್ ಜೆಡೈ’ಗೂ ಮುಂದೆ ಹಾಗೇ ಆಗುತ್ತದೆ ಎಂದು ಗೆಳೆಯರಿಗೆ ಹೇಳಹೋಗಬೇಡಿ. ಕಾಲ ನಮ್ಮ ಪರ ಸಾಕ್ಷಿ ಹೇಳುತ್ತದೆ ಅನ್ನುವುದು ವಾದವಾಗುವುದಿಲ್ಲ. ನಿಮ್ಮ ಬಳಿ ಅದಕ್ಕಿಂತ ಒಳ್ಳೆಯ ವಾದಗಳಿವೆ. ಕ್ರೇಟ್ ಗ್ರಹದ ಉಪ್ಪಿನ ನೆಲದಲ್ಲಿ ಎಲ್ಲರ ಹೆಜ್ಜೆಯೂ ಕೆಂಪಾಗಿ ಮೂಡುತ್ತದೆ, ಲ್ಯೂಕನ ಹೆಜ್ಜೆ ಮಾತ್ರ ಮೂಡುವುದಿಲ್ಲ (ಅಲ್ಲಿರುವುದು ಅವನ ಬಿಂಬ ಮಾತ್ರ) ಎಂಬುದನ್ನು ನಿಮ್ಮ ಪತ್ರದ ಕೊನೆಗೆ ಒಂದು ಸಾಲಿನಲ್ಲಿ ಬರೆದು ಬಿಟ್ಟುಬಿಟ್ಟಿದ್ದೀರಿ. ಅದು ಒಂದು ಸಾಲಿನಲ್ಲಿ ಮುಗಿಯುವ ವಿಷಯವಲ್ಲ.

ಆದ್ದರಿಂದ ನನ್ನದೊಂದು ಬೇಡಿಕೆ. ಆ ಸಾಲಿನಿಂದ ಶುರುಮಾಡಿ ನಮ್ಮ ಪತ್ರಿಕೆಗೆ ಒಂದು ಲೇಖನ ಬರೆಯಿರಿ, ಎಂಟುನೂರು ಪದ. ನಿಮ್ಮ ವಿಮರ್ಶಕರು ಸರಿ ಎಂದು ನೀವು ಒಪ್ಪುವ ಒಂದು ಅಂಶವನ್ನು ಮೊದಲ ಪ್ಯಾರಾದಲ್ಲೇ ಹೇಳಿ, ಆಮೇಲೆ ನಿಮ್ಮ ವಾದ ಹೂಡಿ. ಗೆಳೆಯರಲ್ಲಿ ಯಾರಾದರೂ ಎದುರು ಬರೆಯಲು ಸಿದ್ಧರಿದ್ದರೆ ಅವರದ್ದೂ ಕಳಿಸಿ. ಎರಡನ್ನೂ ಅಕ್ಕಪಕ್ಕದ ಪುಟಗಳಲ್ಲಿ ಹಾಕುತ್ತೇನೆ.

— ಸಂಪಾದಕ