ಜಾಝ್ ಸ್ಯಾಕ್ಸೊಫೋನ್ ನುಡಿಸೋಕೆ ದಾವಣಗೆರೆ ಬಿಟ್ಟು ಬೆಂಗಳೂರಿಗೆ ಹೋಗಲೇಬೇಕಾ?

ತಮ್ಮಾ, ವಯಸ್ಸು 22 ಅಂದಿದ್ದೀಯ, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡ. ಮದುವೆ ಬ್ಯಾಂಡಿನಲ್ಲಿ ಆಲ್ಟೋ ಸ್ಯಾಕ್ಸೊಫೋನ್ ನುಡಿಸುತ್ತೀಯ, ಮೆರವಣಿಗೆಯಲ್ಲಿ ಊದಿ ಊದಿ ಕೈ ಕೆಡುತ್ತಿದೆ, ಅಂಗಡಿ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಲಾ ಅಂತ ಕೇಳಿದ್ದೀಯ. ನಾನು ಇಷ್ಟನ್ನೂ ಮಾಡಿ ವಾಪಸ್ ಬಂದವನು.

ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಲಗ್ನದ ಸೀಸನ್ನಿನಲ್ಲಿ ಬ್ಯಾಂಡ್ ಸೆಟ್, ಗಣೇಶನ ಹಬ್ಬಕ್ಕೆ ಆರ್ಕೆಸ್ಟ್ರಾ. ದುಗ್ಗಮ್ಮನ ಜಾತ್ರೆ ಬಂತೆಂದರೆ ತುಟಿ ಊದಿಕೊಳ್ಳುವ ತನಕ ನುಡಿಸಿದ್ದೇ. ಎರಡು ಸಲ ಕೇಳಿದರೆ ಸಾಕು, ಯಾವ ಹಾಡಾದರೂ ನುಡಿಸುತ್ತಾನೆ ಅಂತ ಊರಲ್ಲಿ ಹೆಸರಿತ್ತು. ಆ ಹೆಸರೇ ನನ್ನನ್ನು ಕೆಡಿಸಿದ್ದು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಉದ್ದ ಆದರೂ ಓದು. ಸಿ, ಡಿ, ಎಫ್ ಅನ್ನುವುದು ಸ್ವರಗಳ ಇಂಗ್ಲಿಷ್ ಹೆಸರು, ಫ್ಲಾಟ್ ಅಂದರೆ ಅದಕ್ಕಿಂತ ಅರ್ಧ ಸ್ವರ ಕೆಳಗೆ. ಆಲ್ಟೋ ಇ ಫ್ಲಾಟ್ ವಾದ್ಯ. ನೀನು ಸಿ ಅಂತ ಬೆರಳಿಟ್ಟು ಊದಿದರೆ ಹೊರಗೆ ಕೇಳುವುದು ಕೀಬೋರ್ಡಿನ ಇ ಫ್ಲಾಟ್. ಕೀಬೋರ್ಡಿನವರು ಸಿ ಅಂದರೆ ನೀನು ಎ ಹಿಡಿಯಬೇಕು. ಅವರು ಎಫ್ ಅಂದರೆ ನಿನಗೆ ಅದು ಡಿ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು, ಯಾವತ್ತೂ ಬೇಕಾಗಿರಲಿಲ್ಲ. ನಮ್ಮ ಆರ್ಕೆಸ್ಟ್ರಾದ ಕೀಬೋರ್ಡ್ ಅಣ್ಣ ಭಾಳ ಒಳ್ಳೆಯವನು. ನನ್ನ ಐಟಂ ಬಂದ ಕೂಡಲೇ ಟ್ರಾನ್ಸ್‌ಪೋಸ್ ಬಟನ್ ಮೂರು ಸಲ ಒತ್ತುತ್ತಿದ್ದ. ಟಕ್, ಟಕ್, ಟಕ್. ಮೂರು ಮನೆ ಮೇಲೆ. ಅಷ್ಟೇ, ನನ್ನ ಸಿ ಅವನ ಸಿ ಒಂದೇ ಆಗಿಬಿಡುತ್ತಿತ್ತು. ನಾನು ಸಿ ಮತ್ತು ಜಿ, ಎರಡೇ ಸ್ಕೇಲಿನಲ್ಲಿ, ಅಂದರೆ ಎರಡೇ ಶ್ರುತಿಯಲ್ಲಿ, ರಾಜನ ಹಾಗೆ ನುಡಿಸುತ್ತಿದ್ದೆ. ಆರು ವರ್ಷ. ನನ್ನ ಬೆರಳು ಮಾಡಬೇಕಾದ ಕೆಲಸವನ್ನು ಆರು ವರ್ಷ ಒಂದು ಬಟನ್ ಮಾಡಿತು.

ಆಮೇಲೆ ಕೆಲಸ ಬಿಟ್ಟೆ, ಬೆಂಗಳೂರಿಗೆ ಹೋದೆ. ಒಂದು ಜಾಝ್ ತಂಡಕ್ಕೆ ಸ್ಯಾಕ್ಸ್ ಬೇಕಿತ್ತು, ಕರೆದರು. ಅಲ್ಲಿದ್ದದ್ದು ಮರದ ಪಿಯಾನೊ. ಬಟನ್ ಎಲ್ಲಿಂದ ಬರಬೇಕು? ‘ಎಫ್‌ನಲ್ಲಿ ಬ್ಲೂಸ್’ ಅಂದರು, ಒನ್ ಟು ತ್ರೀ ಫೋರ್ ಅಂದರು. ನಾನು ಧೈರ್ಯವಾಗಿ ಎಫ್ ಹಿಡಿದು ಊದಿದೆ. ಹೊರಗೆ ಬಂದದ್ದು ಎ ಫ್ಲಾಟ್. ತಪ್ಪು ಅಂತ ಕಿವಿಗೆ ಆ ಕ್ಷಣವೇ ಗೊತ್ತಾಯಿತು, ಬೆರಳಿಗೆ ಎಲ್ಲಿಗೆ ಹೋಗಬೇಕೆಂದು ಗೊತ್ತಾಗಲಿಲ್ಲ. ಬ್ಲೂಸ್ ಅನ್ನುವುದು ಜಾಝ್ ನುಡಿಸುವವರ ಒಂದು ಹಾಡಿನ ಕಟ್ಟು, ಒಂದು ಸುತ್ತಿಗೆ 12 ಬಾರ್, ಅಂದರೆ ತಾಳದ 12 ಆವರ್ತ. ಅಷ್ಟೂ ಬಾರ್ ಕತ್ತಲಲ್ಲಿ ಚಪ್ಪಲಿ ಹುಡುಕಿದ ಹಾಗೆ ತಡಕಾಡಿದೆ. ಪಿಯಾನೊದವರು ನಿಲ್ಲಿಸಿ, ‘ನಿಮಗೆ ಅದು ಡಿ, ಅಲ್ವಾ?’ ಅಂದರು. ‘ಹೌದು ಸರ್, ಗೊತ್ತು’ ಅಂದೆ. ಡಿಯಲ್ಲಿ ಇನ್ನೂ ಕೆಟ್ಟದಾಗಿ ನುಡಿಸಿದೆ.

1936ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ, ಆಮೇಲೆ ಜಾಝ್ ಆಲ್ಟೋದ ದಿಗ್ಗಜನಾದ ಚಾರ್ಲಿ ಪಾರ್ಕರ್ ಹೀಗೇ ನುಡಿಸೋಕೆ ಹೋಗಿ ದಾರಿ ತಪ್ಪಿದಾಗ, ಡ್ರಮ್ಮರ್ ಜೋ ಜೋನ್ಸ್ ಡ್ರಮ್ಮಿನ ಸಿಂಬಲ್ (ಕಂಚಿನ ತಾಳದ ತಟ್ಟೆ) ಬಿಚ್ಚಿ ಕಾಲ ಹತ್ತಿರ ಎಸೆದರಂತೆ. ನನ್ನ ಕಡೆ ಯಾರೂ ಏನೂ ಎಸೆಯಲಿಲ್ಲ. ಎಸೆದಿದ್ದರೆ ವಾಸಿ ಇತ್ತು. ಕಾಫಿ ಕೊಟ್ಟು, ‘ಫೋನ್ ಮಾಡ್ತೀವಿ’ ಅಂದರು. 14 ತಿಂಗಳು ಹೋಟೆಲುಗಳಲ್ಲಿ ಟ್ರ್ಯಾಕ್ ಹಾಕಿಕೊಂಡು ಹಳೆಯ ಸಿನಿಮಾ ಹಾಡು ನುಡಿಸಿದೆ, ಊಟ ಮಾಡುವವರು ತಲೆ ಎತ್ತುತ್ತಿರಲಿಲ್ಲ. ವಾಪಸ್ ಬಂದಾಗ ಅಂಗಡಿಯ ನನ್ನ ಕುರ್ಚಿಯಲ್ಲಿ ಸಾಹುಕಾರರ ಅಳಿಯ ಕೂತಿದ್ದ.

ಈಗ ನಿನ್ನ ಮಾತಿಗೆ ಬರುತ್ತೇನೆ. ಮೆರವಣಿಗೆಯಿಂದ ಕೈ ಕೆಡುತ್ತದೆ ಅನ್ನುವುದನ್ನು ನಾನು ಒಪ್ಪಲ್ಲ. ಜಾಝ್ ಹುಟ್ಟಿದ ನ್ಯೂ ಆರ್ಲಿಯನ್ಸ್‌ನಲ್ಲಿ ಶವಯಾತ್ರೆಗೂ ಬ್ಯಾಂಡ್ ಇರುತ್ತದೆ. ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ ಕದ್ರಿ ಗೋಪಾಲನಾಥರು ಈ ವಾದ್ಯಕ್ಕೆ ಮನಸೋತಿದ್ದು ಮೈಸೂರು ಅರಮನೆಯ ಬ್ಯಾಂಡ್ ಕೇಳಿ. ರುದ್ರೇಶ್ ಮಹಾಂತಪ್ಪ ಅಂತ ಒಬ್ಬರಿದ್ದಾರೆ, ಹೆಸರು ಕೇಳಿದರೆ ನಮ್ಮ ಚೌಕಿಪೇಟೆಯವರೇ ಅನಿಸುತ್ತೆ. ಹುಟ್ಟಿದ್ದು 1971ರಲ್ಲಿ ಇಟಲಿಯ ಟ್ರಿಯೆಸ್ಟೆಯಲ್ಲಿ, ಬೆಳೆದದ್ದು ಅಮೆರಿಕದಲ್ಲಿ. ಇವತ್ತಿನ ಜಾಝ್ ಆಲ್ಟೋದಲ್ಲಿ ದೊಡ್ಡ ಹೆಸರು. ಅವರು ಕದ್ರಿಯವರನ್ನು ಹುಡುಕಿಕೊಂಡು ಬಂದು ಕೂಡಿ ನುಡಿಸಿದರು, 2008ರಲ್ಲಿ ‘ಕಿನ್ಸ್‌ಮೆನ್’ ಆಲ್ಬಂ ಬಂತು. ಸ್ವರವನ್ನು ತೂಗಿ ನುಡಿಸುವ ನಮ್ಮ ಕಡೆಯ ಗಮಕಕ್ಕಾಗಿ ಅಷ್ಟು ದೂರದಿಂದ ಅವರು ಬಂದರೆ, ನೀನು ಅದನ್ನು ಮರೆಯೋಕೆ ಬಸ್ ಹತ್ತುತ್ತೀಯಾ? ಇನ್ನೊಂದು ಮಾತು. ಅಷ್ಟು ದೊಡ್ಡವರೂ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾಝ್ ವಿಭಾಗ ನೋಡಿಕೊಳ್ಳುತ್ತಾರೆ. ಬರೀ ಊದಿ ಹೊಟ್ಟೆ ಹೊರೆಯುವವರು ಅಲ್ಲೂ ಕಡಿಮೆ.

ಕೆಲಸ ಬಿಡಬೇಡ. ನಿನಗೆ ಚೆನ್ನಾಗಿ ಬರುವ ಒಂದೇ ಒಂದು ಹಾಡು ತಗೋ, 12 ಸ್ಕೇಲಿನಲ್ಲೂ ನುಡಿಸು. ಅದಕ್ಕೆ ನನಗೆ ಎರಡು ವರ್ಷ ಹಿಡಿಯಿತು, ಈ ಊರಲ್ಲೇ ಆಯಿತು. ಈಗ ತಿಂಗಳಿಗೆ ಒಂದೆರಡು ಸಲ ರೈಲು ಹತ್ತಿ ಬೆಂಗಳೂರಿಗೆ ಹೋಗಿ ನುಡಿಸಿ ಬರುತ್ತೇನೆ. ಮಿಕ್ಕ ದಿನ ಹುಡುಗರಿಗೆ ಪಾಠ, ಮುಹೂರ್ತ ಇದ್ದರೆ ಬ್ಯಾಂಡ್. ವಾದ್ಯದ ಪೆಟ್ಟಿಗೆ ಮುಚ್ಚಳದ ಒಳಗೆ ‘ಅವರ ಎಫ್, ನನ್ನ ಡಿ’ ಅಂತ ಬರೆದ ಚೀಟಿ ಇನ್ನೂ ಅಂಟಿಸಿಕೊಂಡೇ ಇದ್ದೇನೆ.

ಭಾನುವಾರ ಬೆಳಿಗ್ಗೆ ಐದೂವರೆಗೆ ಕುಂದವಾಡ ಕೆರೆ ಏರಿಯ ಆ ತುದಿಯಲ್ಲಿ ಅಭ್ಯಾಸ ಮಾಡುತ್ತಿರುತ್ತೇನೆ, ವಾಕಿಂಗ್‌ನವರು ಬೈಯುವ ತನಕ. ಬಾ. ವಾದ್ಯದ ಬಾಯಿಗೆ ಹಾಕುವ ರೀಡ್ ಮಾತ್ರ ನಿಂದೇ ತಗೊಂಡು ಬಾ.